ಹಳೇ ಹೈಬ್ರಿಡ್ ಕಾರು: ಇಟ್ಟುಕೊಳ್ಳಬೇಕಾ, ಬಿಡಬೇಕಾ?

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು, ಅದಕ್ಕೊಂದು ಬ್ಯಾಟರಿ ಇರುವ ಹೈಬ್ರಿಡ್ ಕಾರಿಗೆ ಹತ್ತು ವರ್ಷ ದಾಟಿದರೆ ಸಾಕು, ಕಂಡವರೆಲ್ಲ ಕೇಳುವುದು ಒಂದೇ ಮಾತು: ‘ಬ್ಯಾಟರಿ ಹೇಗಿದೆ?’ ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ಜನ ಚೆನ್ನಾಗಿ ಓಡುತ್ತಿರುವ ಕಾರನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ. ಇನ್ನು ಕೆಲವರು ಬ್ಯಾಟರಿ ಗಟ್ಟಿಯಾಗಿದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಅತ್ತ ಎಂಜಿನ್ ತನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟನ್ನೇ ಸದ್ದಿಲ್ಲದೆ ಕುಡಿಯುತ್ತಿರುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಬ್ಯಾಟರಿ ದುಬಾರಿ ಭಾಗ, ನಿಜ. ಆದರೆ ಅದರ ಆರೋಗ್ಯವನ್ನು ಅಳೆದು ನೋಡಬಹುದು. ಕೆಟ್ಟರೆ ಇಡಿಯಾಗಿ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಕಾರಿನ ಆಯಸ್ಸನ್ನು ನಿಜವಾಗಿ ತೀರ್ಮಾನಿಸುವುದು ಎಂಜಿನ್, ಬ್ರೇಕ್, ತುಕ್ಕು ಮತ್ತು ನಿಮ್ಮ ತಿಂಗಳ ಲೆಕ್ಕ. ಇದನ್ನೆಲ್ಲ ಕೆಂಪು ದೀಪ ಹತ್ತುವ ಮೊದಲೇ ನೋಡಿಕೊಂಡಿರಬೇಕು. ಕಾರು ರಸ್ತೆ ಬದಿಯಲ್ಲಿ ನಿಂತ ದಿನ ಯಾರ ಲೆಕ್ಕವೂ ಸರಿಯಾಗಿ ಓಡುವುದಿಲ್ಲ.

ಮೊದಲು, ನಿಮ್ಮದು ಯಾವ ಥರದ ಹೈಬ್ರಿಡ್?

ಎಲ್ಲ ಹೈಬ್ರಿಡ್‌ಗಳೂ ಒಂದೇ ಅಲ್ಲ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್‌ನಲ್ಲಿ ಎಂಜಿನ್ ಮತ್ತು ಎರಡು ಮೋಟಾರುಗಳನ್ನು ಒಂದು ಪ್ಲಾನೆಟರಿ ಗೇರ್ (ಒಂದರ ಸುತ್ತ ಒಂದು ತಿರುಗುವ ಹಲ್ಲಿನ ಚಕ್ರಗಳ ಗುಂಪು) ಜೋಡಿಸುತ್ತದೆ. ಟೊಯೊಟಾ, ಲೆಕ್ಸಸ್ ಹೈಬ್ರಿಡ್‌ಗಳಲ್ಲಿ ಬಹುಪಾಲು ಇವತ್ತಿಗೂ ಇದೇ ವ್ಯವಸ್ಥೆ. ಇದರಲ್ಲಿ ಸವೆಯುವ ಕ್ಲಚ್ ಇಲ್ಲ, ಜಾರುವ ಬೆಲ್ಟ್ ಇಲ್ಲ. ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಕೂಡ ಇಲ್ಲ. ಕೆಡಬಹುದಾದ ಒಂದಷ್ಟು ಭಾಗಗಳೇ ಇಲ್ಲದ ಕಾರು ಇದು. ಗೇರ್‌ಬಾಕ್ಸ್ ತುಂಬಾ ವರ್ಷ ಬಾಳುವುದಕ್ಕೆ ಇದೇ ಕಾರಣ.

ಆದರೆ ಇದಕ್ಕೊಂದು ಬೆಲೆ ಇದೆ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ದೊಡ್ಡ ಬ್ಯಾಟರಿಯ ಶಕ್ತಿಯೇ. ಅದು ಪೂರ್ತಿ ಸತ್ತರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಕಾರು ಕದಲುವುದಿಲ್ಲ. ‘ಬ್ಯಾಟರಿ ಹೋದರೆ ಹೋಗಲಿ, ಪೆಟ್ರೋಲ್‌ನಲ್ಲೇ ಓಡಿಸಿಕೊಂಡು ಇರೋಣ’ ಎಂಬ ಯೋಚನೆ ಇಲ್ಲಿ ನಡೆಯುವುದಿಲ್ಲ.

1999ರಲ್ಲಿ ಇನ್‌ಸೈಟ್ ಮೂಲಕ ಬಂದ ಹೋಂಡಾದ ಹಳೆಯ ಪದ್ಧತಿ ಬೇರೆ. ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ತೆಳ್ಳನೆಯ ಮೋಟಾರ್ ಕೂತಿರುತ್ತದೆ. ಅದು ಎಂಜಿನ್‌ಗೆ ಬರೀ ಕೈಜೋಡಿಸುತ್ತದೆ. ಹಳೇ ಸಿವಿಕ್ ಹೈಬ್ರಿಡ್‌ನಂಥ ಕಾರುಗಳಲ್ಲಿ 12 ವೋಲ್ಟ್ ಸ್ಟಾರ್ಟರ್ ಕೂಡ ಇತ್ತು. ಹಾಗಾಗಿ ಬ್ಯಾಟರಿ ಸೊರಗಿದರೂ ಕಾರು ಹೇಗೋ ಓಡುತ್ತಿತ್ತು. ಆದರೆ ಅವುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬೆಲ್ಟ್ ಮೇಲೆ ನಡೆಯುವಂಥದ್ದು. ಅದರ ಆರೋಗ್ಯವನ್ನು ಬೇರೆಯಾಗಿಯೇ ನೋಡಬೇಕು.

ಸಣ್ಣ ಮೋಟಾರ್ ಎಂಜಿನ್‌ಗೆ ಸ್ವಲ್ಪ ನೆರವಾಗುವ 48 ವೋಲ್ಟ್‌ನ ಮೈಲ್ಡ್ ಹೈಬ್ರಿಡ್ ಆದರೆ ಬ್ಯಾಟರಿ ಚಿಕ್ಕದು, ಚಿಂತೆಯೂ ಚಿಕ್ಕದು. ಹೊರಗಿನ ವಿದ್ಯುತ್‌ನಿಂದ ಚಾರ್ಜ್ ಮಾಡುವ ಪ್ಲಗ್-ಇನ್ ಆದರೆ ಲಿಥಿಯಂ ಬ್ಯಾಟರಿ ಹಲವು ಪಟ್ಟು ದೊಡ್ಡದು, ಬದಲಿಸುವ ಖರ್ಚೂ ಹಾಗೆಯೇ ಜಾಸ್ತಿ. ಮುಂದಿನ ಮಾತು ಬಹುತೇಕ ಪ್ರಿಯಸ್ ಜಾತಿಯ ಕಾರುಗಳ ಬಗ್ಗೆ. ಹಳತಾಗಿ ರಸ್ತೆಯಲ್ಲಿ ಇನ್ನೂ ಓಡಾಡುತ್ತಿರುವ ಹೈಬ್ರಿಡ್‌ಗಳಲ್ಲಿ ಅವೇ ಹೆಚ್ಚು.

ಬ್ಯಾಟರಿ ಒಳಗೆ ಏನಾಗುತ್ತದೆ

ಎರಡನೇ ಮತ್ತು ಮೂರನೇ ತಲೆಮಾರಿನ ಪ್ರಿಯಸ್ ತೆಗೆದುಕೊಳ್ಳಿ. 2003ರಿಂದ 2015ರವರೆಗಿನ ಕಾರುಗಳಿವು. ಹಿಂದಿನ ಸೀಟಿನ ಹಿಂದೆ 28 ಚಪ್ಪಟೆ ಮಾಡ್ಯೂಲ್‌ಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರಲ್ಲೂ 1.2 ವೋಲ್ಟ್‌ನ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಒಟ್ಟು 168 ಸೆಲ್, 201.6 ವೋಲ್ಟ್. ಇಷ್ಟೆಲ್ಲ ಸೇರಿ ಇದು ಹಿಡಿದಿಡುವ ವಿದ್ಯುತ್ ಸುಮಾರು 1.3 ಯೂನಿಟ್ ಅಷ್ಟೇ. ಇದು ಶಕ್ತಿಯನ್ನು ಕೂಡಿಡುವ ಗೋದಾಮಲ್ಲ. ಬ್ರೇಕ್ ಹಾಕಿದಾಗ ಸಿಕ್ಕಿದ್ದನ್ನು ಒಂದು ಕ್ಷಣ ಹಿಡಿದುಕೊಂಡು, ಮತ್ತೆ ಮುಂದಕ್ಕೆ ತಳ್ಳುವುದಕ್ಕೆ ಕೊಡುತ್ತದೆ.

ಕಾರಿನ ಕಂಪ್ಯೂಟರ್ ಈ ಬ್ಯಾಟರಿಯನ್ನು ತುಂಬಾ ಜೋಪಾನ ಮಾಡುತ್ತದೆ. ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಸುಮಾರು ಶೇ. 40ರಿಂದ 80ರ ನಡುವೆಯೇ ಇಟ್ಟು, ಹೆಚ್ಚು ಹೊತ್ತು ಶೇ. 60ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಫೋನಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗಿದರೂ ಹೈಬ್ರಿಡ್ ಬ್ಯಾಟರಿ ಹತ್ತು ಹದಿನೈದು ವರ್ಷ ತಾಳುವುದಕ್ಕೆ ಇದು ಮುಖ್ಯ ಕಾರಣ.

ಬ್ಯಾಟರಿಯನ್ನು ಕೊಲ್ಲುವ ವಿಷಯದಲ್ಲಿ ಕಿಲೋಮೀಟರಿಗಿಂತ ಬಿಸಿಯ ಪಾಲೇ ಜಾಸ್ತಿ. ಬಿಸಿ ಏರಿದಷ್ಟೂ ಸೆಲ್ ಒಳಗಿನ ರಾಸಾಯನಿಕಗಳು ಬೇಗ ಸವೆಯುತ್ತವೆ, ಒಳಗಿನ ಅಡ್ಡಿ ಹೆಚ್ಚುತ್ತದೆ, ಹಿಡಿಯುವ ಶಕ್ತಿ ಕುಗ್ಗುತ್ತದೆ. ಸಾಲಿನ ನಡುವೆ ಇರುವ ಮಾಡ್ಯೂಲ್‌ಗಳಿಗೆ ಗಾಳಿ ಕಡಿಮೆ, ಬಿಸಿ ಹೆಚ್ಚು. ಸಾಮಾನ್ಯವಾಗಿ ಅವೇ ಮೊದಲು ಸೋಲುತ್ತವೆ. ಎಲ್ಲವೂ ಒಂದರ ಹಿಂದೆ ಒಂದರಂತೆ ಜೋಡಣೆಯಾಗಿರುವುದರಿಂದ ಒಂದು ಸೋತರೂ ಇಡೀ ಸಾಲಿಗೆ ಪೆಟ್ಟು. ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಲೆಕ್ಕ ಹಿಡಿದು, 14 ಬ್ಲಾಕ್‌ಗಳ ವೋಲ್ಟೇಜ್ ನೋಡುತ್ತಿರುತ್ತದೆ. ಬ್ಲಾಕ್‌ಗಳ ನಡುವಿನ ಅಂತರ ಮಿತಿ ಮೀರಿದರೆ ಕೆಂಪು ತ್ರಿಕೋನ ಹತ್ತುತ್ತದೆ, ಪಿ0ಎ80 ಎಂಬ ದೋಷದ ಕೋಡ್ ಬರುತ್ತದೆ.

ಅಷ್ಟರವರೆಗೆ ಕಾಯಬೇಕಿಲ್ಲ. ಬ್ಯಾಟರಿ ಸೊರಗುವಾಗ ಮೊದಲೇ ಸುಳಿವು ಕೊಡುತ್ತದೆ. ಡ್ಯಾಶ್‌ಬೋರ್ಡಿನ ಚಾರ್ಜ್ ಸೂಚಕ ಕೆಲವೇ ನಿಮಿಷದಲ್ಲಿ ಮೇಲಕ್ಕೇರಿ ಅಷ್ಟೇ ಬೇಗ ಕೆಳಗಿಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸುಮ್ಮನಿರಬೇಕಾದ ಎಂಜಿನ್ ಪದೇ ಪದೇ ಏಳುತ್ತದೆ. ಹಿಂದಿನಿಂದ ಫ್ಯಾನ್ ಸದ್ದು ಜೋರಾಗಿ ಬರುತ್ತದೆ. ಮೈಲೇಜ್ ಮೆಲ್ಲಗೆ ಇಳಿಯುತ್ತದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಪರೀಕ್ಷೆ ಮಾಡಿಸುವ ಕಾಲ ಬಂದಿದೆ ಎಂದರ್ಥ.

ಪರೀಕ್ಷೆ ಕಷ್ಟದ ಕೆಲಸವಲ್ಲ. ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಒಂದು ಸಾಕು. ಡಾಕ್ಟರ್ ಪ್ರಿಯಸ್, ಹೈಬ್ರಿಡ್ ಅಸಿಸ್ಟೆಂಟ್ ಮುಂತಾದ ಆ್ಯಪ್‌ಗಳು 14 ಬ್ಲಾಕ್‌ಗಳ ವೋಲ್ಟೇಜನ್ನು ಪಕ್ಕಪಕ್ಕದಲ್ಲಿ ತೋರಿಸುತ್ತವೆ. ಸುಮ್ನೆ ನಿಂತಾಗ ಎಲ್ಲವೂ ಒಂದೇ ಥರ ಕಾಣಬಹುದು. ಏರು ರಸ್ತೆಯಲ್ಲಿ ಜೋರಾಗಿ ಹೋಗುವಾಗ ಪಕ್ಕದಲ್ಲಿ ಕೂತವರು ಆ ಅಂಕಿಗಳನ್ನು ನೋಡಲಿ. ಯಾವುದೋ ಒಂದು ಬ್ಲಾಕ್ ಮಾತ್ರ ಪ್ರತಿ ಸಲವೂ ಉಳಿದವಕ್ಕಿಂತ ಆಳಕ್ಕೆ ಕುಸಿಯುತ್ತಿದ್ದರೆ ಕುತ್ತು ಅಲ್ಲಿದೆ. ವರ್ಷಕ್ಕೆ ಎರಡು ಸಲ ಹೀಗೆ ನೋಡಿ ಬರೆದಿಟ್ಟುಕೊಂಡರೆ ಬ್ಯಾಟರಿ ಯಾವ ವೇಗದಲ್ಲಿ ಇಳಿಯುತ್ತಿದೆ ಎಂಬುದೂ ತಿಳಿಯುತ್ತದೆ. ಒಂದು ಸಲದ ಅಂಕಿಗಿಂತ ಈ ಇಳಿಕೆಯ ದಾರಿಯೇ ಹೆಚ್ಚು ಹೇಳುತ್ತದೆ.

ಬ್ಯಾಟರಿ ಮೇಲೆ ಬರುವ ಸುಳ್ಳು ಆರೋಪಗಳು

ಹೈಬ್ರಿಡ್ ಬ್ಯಾಟರಿ ಸತ್ತಿತು ಎಂದುಕೊಂಡ ಎಷ್ಟೋ ಕಡೆ ಸತ್ತಿರುವುದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಈ ಕಾರುಗಳಲ್ಲಿ ಅದರ ಕೆಲಸ ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್‌ಗಳನ್ನು (ರಿಲೇ) ಆನ್ ಮಾಡುವುದು. ಅದು ದುರ್ಬಲವಾದರೆ ಕಂಪ್ಯೂಟರುಗಳು ಗೊಂದಲಕ್ಕೆ ಬೀಳುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ದೀಪಗಳು ಒಟ್ಟಿಗೆ ಹತ್ತುತ್ತವೆ, ‘ರೆಡಿ’ ಎಂಬ ಗುರುತು ಬರುವುದೇ ಇಲ್ಲ. ನೋಡಿದವರು ಎದೆ ಒಡೆದುಕೊಳ್ಳುತ್ತಾರೆ. ಒಂದು ರಾತ್ರಿ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಹತ್ತಿರ ಇದ್ದರೆ ಚಾರ್ಜ್ ಚೆನ್ನಾಗಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಉಳಿದ ಮಾತು.

ಎರಡನೆಯದು ಗಾಳಿ. ದೊಡ್ಡ ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದರ ಬಾಯಿ ಹಿಂದಿನ ಸೀಟಿನ ಪಕ್ಕದಲ್ಲಿರುತ್ತದೆ. ಕೆಲವು ಮಾದರಿಗಳಲ್ಲಿ ಅಲ್ಲೊಂದು ಸಣ್ಣ ಫಿಲ್ಟರ್ ಕೂಡ ಇರುತ್ತದೆ. ಧೂಳು, ಬಟ್ಟೆಯ ನೂಲು, ನಾಯಿ ಬೆಕ್ಕಿನ ಕೂದಲು ಎಲ್ಲ ಅಲ್ಲಿಗೆ ಹೋಗಿ ಕೂರುತ್ತವೆ. ಬ್ಯಾಗು, ಕಂಬಳಿ ಇಟ್ಟು ಆ ಬಾಯಿಯನ್ನೇ ಮುಚ್ಚಿರುವವರೂ ಇದ್ದಾರೆ. ಫ್ಯಾನ್ ಬಿಚ್ಚಿ ಒರೆಸುವುದು ಅಗ್ಗದ ಕೆಲಸ. ಹಳೇ ಹೈಬ್ರಿಡ್‌ಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಸೇವೆ ನನಗೆ ಗೊತ್ತಿಲ್ಲ.

ಮೂರನೆಯದು ತಾಮ್ರದ ಪಟ್ಟಿಗಳು. ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಬಸ್ ಬಾರ್‌ಗಳು ವರ್ಷಗಳು ಕಳೆದಂತೆ ಹಸಿರು ಹಿಡಿಯುತ್ತವೆ. ವೋಲ್ಟೇಜ್ ಅಳೆಯುವ ತಂತಿಗಳ ತುದಿಯೂ ಹಾಗೇ. ಆಗ ಕಂಪ್ಯೂಟರ್‌ಗೆ ತಪ್ಪು ಅಂಕಿ ಹೋಗಿ, ಚೆನ್ನಾಗಿರುವ ಬ್ಲಾಕ್ ಕೂಡ ಕೆಟ್ಟಂತೆ ಕಾಣಬಹುದು. ಬ್ಯಾಟರಿ ಬದಲಿಸಬೇಕು ಎಂದು ಹೇಳುವ ಮೆಕ್ಯಾನಿಕ್ ಇದನ್ನು ನೋಡಿದ್ದಾರಾ ಎಂದು ಧಾರಾಳವಾಗಿ ಕೇಳಿ.

ಆದರೆ ಆ ಪೆಟ್ಟಿಗೆಯನ್ನು ನೀವೇ ತೆರೆಯಲು ಹೋಗಬೇಡಿ. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆಯೆಲ್ಲ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಭಾಗವೇ ಇನ್ವರ್ಟರ್; ಎರಡನೇ ತಲೆಮಾರಿನ ಪ್ರಿಯಸ್‌ನ ಇನ್ವರ್ಟರ್ ವೋಲ್ಟೇಜನ್ನು 500 ವೋಲ್ಟ್‌ವರೆಗೆ, ಮೂರನೆಯದು 650 ವೋಲ್ಟ್‌ವರೆಗೆ ಏರಿಸುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಕಲಿತವರು ಕೂಡ 1000 ವೋಲ್ಟ್ ತಡೆಯುವ ಗ್ಲೌಸ್ ಹಾಕಿ, ಕಾದು, ಅಳೆದು ನೋಡಿಯೇ ಕೈ ಇಡುತ್ತಾರೆ.

ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದೂ ಬ್ಯಾಟರಿಗೆ ಕೆಟ್ಟದ್ದು. ಈ ಸೆಲ್‌ಗಳು ಸುಮ್ಮನಿದ್ದರೂ ತಾವಾಗಿಯೇ ಚಾರ್ಜ್ ಕಳೆದುಕೊಳ್ಳುತ್ತವೆ, ಒಂದೊಂದು ಒಂದೊಂದು ವೇಗದಲ್ಲಿ. ತಿಂಗಳಿಗೆ ಒಂದೆರಡು ಸಲವಾದರೂ ಅರ್ಧ ಗಂಟೆ ಓಡಿಸಿ. ಎಲ್ಲಾದರೂ ಕಾಯುತ್ತಾ ನಿಂತಿದ್ದರೆ ಗೇರ್ ‘ಎನ್’ನಲ್ಲಿ ಬಿಡಬೇಡಿ, ‘ಪಿ’ಗೆ ಹಾಕಿ. ಟೊಯೊಟಾ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ ಓಡುತ್ತಿದ್ದರೂ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ನಿಜವಾಗಿಯೂ ಬದಲಿಸಬೇಕಾದಾಗ

ಆಯ್ಕೆ ನಾಲ್ಕು ಥರ ಇರುತ್ತದೆ. ಕಂಪನಿಯದೇ ಹೊಸದು. ಬೇರೆ ತಯಾರಕರು ಹೊಸ ಸೆಲ್‌ಗಳಿಂದ ಮಾಡಿದ್ದು. ಅಪಘಾತವಾದ ಕಾರಿನಿಂದ ತೆಗೆದ ಹಳೆಯದು. ಕೊನೆಯದಾಗಿ ‘ರಿಪೇರಿ ಮಾಡಿದ’ ಬ್ಯಾಟರಿ. ಇದರಲ್ಲಿ ಕೆಟ್ಟ ಒಂದೆರಡು ಮಾಡ್ಯೂಲ್ ಕಿತ್ತು, ಬೇರೆ ಹಳೇ ಬ್ಯಾಟರಿಯ ಮಾಡ್ಯೂಲ್ ಸೇರಿಸಿರುತ್ತಾರೆ.

ಕೊನೆಯದರ ಬೆಲೆ ಆಸೆ ಹುಟ್ಟಿಸುತ್ತದೆ. ನಾನಂತೂ ಅದನ್ನು ಶಿಫಾರಸು ಮಾಡುವುದಿಲ್ಲ, ಒಂದು ಸಂದರ್ಭ ಬಿಟ್ಟು. ಉಳಿದ 26 ಮಾಡ್ಯೂಲ್‌ಗಳಿಗೂ ಕೆಟ್ಟವಷ್ಟೇ ವಯಸ್ಸಾಗಿದೆ, ಅವೂ ಅದೇ ಬಿಸಿ ತಿಂದಿವೆ. ಮುದಿ ಎತ್ತಿನ ಜೊತೆ ಬೇರೆ ಕಸುವಿನ ಎತ್ತನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಇದು. ಹೊಸದಾಗಿ ಬಂದದ್ದು ಒಂದು ಲೆಕ್ಕದಲ್ಲಿ ತುಂಬುತ್ತದೆ, ಹಳೆಯದು ಇನ್ನೊಂದು ಲೆಕ್ಕದಲ್ಲಿ ಬರಿದಾಗುತ್ತದೆ. ಕೆಲವು ತಿಂಗಳಲ್ಲಿ ಮೂರನೆಯದು ಸೋಲುತ್ತದೆ, ಆಮೇಲೆ ನಾಲ್ಕನೆಯದು. ಪ್ರತಿ ಸಲವೂ ಕೂಲಿ, ಪ್ರತಿ ಸಲವೂ ಕಾರಿಲ್ಲದ ದಿನಗಳು. ಕಾರನ್ನು ಇನ್ನು ಐದಾರು ತಿಂಗಳಷ್ಟೇ ಇಟ್ಟುಕೊಳ್ಳುವುದು ಖಚಿತ ಎಂದಾದರೆ ಮಾತ್ರ ಇದಕ್ಕೆ ಅರ್ಥವಿದೆ.

ಹಳೇ ಕಾರಿನಿಂದ ತೆಗೆದ ಇಡೀ ಬ್ಯಾಟರಿ ಸ್ವಲ್ಪ ವಾಸಿ. ಆದರೆ ಅದರ ವಯಸ್ಸು ಕೇಳಿ. ಎಷ್ಟು ಕಿಲೋಮೀಟರ್ ಓಡಿದ ಕಾರು ಎಂಬುದು ಎರಡನೇ ಪ್ರಶ್ನೆ. ಕಡಿಮೆ ಓಡಿ ಹತ್ತು ವರ್ಷ ಬಿಸಿಲಲ್ಲಿ ನಿಂತ ಬ್ಯಾಟರಿಯೂ ಮುದಿಯೇ.

ಹೊಸ ಸೆಲ್ ಎಂದು ಹೇಳಿದರೆ ಅದನ್ನು ಬರಹದಲ್ಲಿ ಕೇಳಿ. ವಾರಂಟಿಯಲ್ಲಿ ಬಿಚ್ಚಿ ಜೋಡಿಸುವ ಕೂಲಿಯೂ ಸೇರಿದೆಯಾ, ಕೆಟ್ಟರೆ ಹಣ ವಾಪಸ್ಸಾ ಅಥವಾ ಇನ್ನೊಂದು ಬ್ಯಾಟರಿಯಾ ಎಂದು ಓದಿ ನೋಡಿ. ಕಾರು ಕಂಪನಿಗಳು ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ ಅದಕ್ಕಿಂತ ಉದ್ದದ ವಾರಂಟಿ ಕೊಡುವುದು ಸಾಮಾನ್ಯ. ನಿಮ್ಮದು ಮುಗಿದಿದೆ ಎಂದು ನೀವೇ ತೀರ್ಮಾನಿಸುವ ಮೊದಲು ಕಾಗದ ತೆಗೆದು ನೋಡಿ. ಹೊಸ ಬ್ಯಾಟರಿ ಕೂರಿಸುವಾಗ ಫ್ಯಾನ್ ಒರೆಸಿ, ಬಸ್ ಬಾರ್ ಹೊಸದು ಹಾಕಿಸಿ. ಹಳೆಯದನ್ನು ಕೊಂದ ಧೂಳನ್ನು ಹೊಸದಕ್ಕೆ ಬಿಟ್ಟುಕೊಡಬಾರದು ಅಲ್ವಾ?

ಯಾರೂ ಕೇಳದ ಭಾಗಗಳು

ಬ್ಯಾಟರಿ ಬಗ್ಗೆ ಇಷ್ಟು ಹೇಳಿದ ಮೇಲೆ ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೇ ಹೈಬ್ರಿಡ್‌ಗೆ ದುಡ್ಡು ಹಾಕುವ ಮೊದಲು ನೋಡಲೇಬೇಕಾದದ್ದು ಎಂಜಿನ್. ಬ್ಯಾಟರಿ ಹೊಸದು ಹಾಕಿ ಆರು ತಿಂಗಳಿಗೆ ಎಂಜಿನ್ ಹೋದರೆ ಎರಡೂ ದುಡ್ಡು ಹೋಯಿತು.

2009ರಿಂದ 2015ರವರೆಗಿನ ಮೂರನೇ ತಲೆಮಾರಿನ ಪ್ರಿಯಸ್ ಮತ್ತು ಅದೇ 1.8 ಲೀಟರ್ ಎಂಜಿನ್ ಇರುವ ಅದರ ಸೋದರ ಕಾರುಗಳಲ್ಲಿ ಒಂದು ಹೆಸರಾದ ಕಾಯಿಲೆ ಇದೆ. ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ಕೂಲರ್ ಮಸಿ ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿದಂತೆ ಸಿಲಿಂಡರ್‌ಗಳಲ್ಲಿ ಬಿಸಿ ಏರುತ್ತದೆ, ಕ್ರಮೇಣ ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸೋಲುತ್ತದೆ. ಮೊದಲ ಲಕ್ಷಣ ಬೆಳಿಗ್ಗೆ ಕಾಣಿಸುತ್ತದೆ. ತಣ್ಣಗಿರುವ ಎಂಜಿನ್ ಎದ್ದ ಕೂಡಲೇ ಕೆಲವು ಸೆಕೆಂಡು ಇಡೀ ಕಾರು ಗಡಗಡ ನಡುಗುತ್ತದೆ, ಆಮೇಲೆ ಏನೂ ಆಗದಂತೆ ಸರಿಯಾಗುತ್ತದೆ. ಕಾರಿನ ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ, ಆದರೂ ಕೂಲಂಟ್ ಮಟ್ಟ ಇಳಿಯುತ್ತಿರುತ್ತದೆ. ರಾತ್ರಿಯೆಲ್ಲ ಕೂಲಂಟ್ ಸಿಲಿಂಡರ್ ಒಳಗೆ ಇಳಿದಿರುವುದೇ ಆ ನಡುಕಕ್ಕೆ ಕಾರಣ. ಹೀಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಆ ದ್ರವವನ್ನು ಒತ್ತಲು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಆ ಎಂಜಿನ್ ಮುಗಿದಂತೆ.

ಇದನ್ನು ತಡೆಯಬಹುದು. ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಇಜಿಆರ್ ಕೂಲರ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ತೊಳೆಸಿ. ಕೂಲಂಟ್ ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಇವತ್ತಿನ ಮಟ್ಟಕ್ಕೆ ಒಂದು ಗೆರೆ ಎಳೆದು, ತಿಂಗಳಿಗೊಮ್ಮೆ ಎಂಜಿನ್ ತಣ್ಣಗಿರುವಾಗ ನೋಡಿ. ಜೊತೆಗೆ ಎಂಜಿನ್ ಆಯಿಲ್ ಕೂಡ. ವಯಸ್ಸಾದ ಎಂಜಿನ್ ಆಯಿಲ್ ಸುಡುತ್ತದೆ, ಮತ್ತು ಸರ್ವಿಸ್‌ನಿಂದ ಸರ್ವಿಸ್‌ವರೆಗೆ ಬಾನೆಟ್ ತೆರೆಯದವರಿಗೆ ಅದು ಗೊತ್ತಾಗುವುದೇ ಇಲ್ಲ.

ಇನ್ವರ್ಟರ್‌ಗೆ ಬೇರೆಯದೇ ಕೂಲಂಟ್, ಬೇರೆಯದೇ ಪಂಪ್ ಇರುತ್ತದೆ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಕಾರು ‘ರೆಡಿ’ ಇದ್ದಾಗ ಆ ಸಣ್ಣ ಟ್ಯಾಂಕಿನ ಮುಚ್ಚಳ ತೆಗೆದರೆ ದ್ರವ ಅಲುಗಾಡುತ್ತಿರುವುದು ಕಾಣಬೇಕು. ನಿಶ್ಚಲವಾಗಿದ್ದರೆ ಪಂಪ್ ನಿಂತಿದೆ. ಪಂಪ್ ಅಗ್ಗ, ಇನ್ವರ್ಟರ್ ಅಲ್ಲ. ಈ ಪಂಪಿಗಾಗಿ ಟೊಯೊಟಾ 2012ರಲ್ಲಿ ಕಾರುಗಳನ್ನು ವಾಪಸ್ ಕರೆದಿತ್ತು. 2014ರ ಫೆಬ್ರವರಿಯಲ್ಲಿ ಮೂರನೇ ತಲೆಮಾರಿನ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ಇನ್ವರ್ಟರ್ ಸಾಫ್ಟ್‌ವೇರ್ ಸರಿಪಡಿಸಲು ಕರೆಯಿತು. ಸೆಕೆಂಡ್ ಹ್ಯಾಂಡ್ ಕೊಂಡವರು ಚಾಸಿ ನಂಬರ್ ಕೊಟ್ಟು, ಇಂಥ ಕೆಲಸ ಏನಾದರೂ ಬಾಕಿ ಇದೆಯಾ ಎಂದು ವಿಚಾರಿಸಲೇಬೇಕು.

ಬ್ರೇಕ್ ವಿಷಯದಲ್ಲಿ ಹೈಬ್ರಿಡ್‌ಗೆ ಒಂದು ಅದೃಷ್ಟ, ಒಂದು ಕಂಟಕ. ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟಾರೇ ಮಾಡುವುದರಿಂದ ಪ್ಯಾಡ್‌ಗಳು ಸವೆಯುವುದು ತೀರಾ ನಿಧಾನ. ಆದರೆ ಕಡಿಮೆ ಬಳಸಿದ ಕ್ಯಾಲಿಪರ್ ಪಿನ್‌ಗಳು ಹಿಡಿದುಕೊಳ್ಳುತ್ತವೆ, ಡಿಸ್ಕ್ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಿಸಿದರೆ ಸಾಕು. ಕಂಟಕ ಎಂದರೆ ಬ್ರೇಕ್ ಒತ್ತಡವನ್ನು ಕೂಡಿಡುವ ಪಂಪ್ ಮತ್ತು ಅಕ್ಯುಮುಲೇಟರ್. ಪೆಡಲ್ ಮುಟ್ಟದೇ ಇದ್ದಾಗಲೂ ಮುಂದಿನಿಂದ ಕೆಲವೇ ಸೆಕೆಂಡಿಗೊಮ್ಮೆ ‘ಜುಂಯ್’ ಎಂದು ಪಂಪ್ ಓಡುತ್ತಿದ್ದರೆ ಒತ್ತಡ ಒಳಗೇ ಸೋರುತ್ತಿದೆ. ಈ ಭಾಗದ ಬೆಲೆ ಕೆಲವೊಮ್ಮೆ ಬ್ಯಾಟರಿಗೆ ಹತ್ತಿರ ಬರುತ್ತದೆ. ಇದನ್ನು ಮುಂದೂಡುವ ಹಾಗೂ ಇಲ್ಲ, ಬ್ರೇಕ್ ತಾನೇ.

ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬಾಳುತ್ತದೆ ಎಂಬ ಮಾತು ಕೇಳಿರುತ್ತೀರಿ. ಯಾರ ಜೀವನ ಎಂಬುದು ಪ್ರಶ್ನೆ. ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಖರ್ಚು ಅಲ್ಪ, ಒಳಗಿನ ಮೋಟಾರುಗಳಿಗೆ ಒಳ್ಳೆಯದು. ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಬಗ್ಗೆಯೂ ಒಂದು ಮಾತು: ಅದರಲ್ಲಿ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಇರುವುದರಿಂದ ಕಳ್ಳರಿಗೆ ಹಳೇ ಪ್ರಿಯಸ್ ಎಂದರೆ ಇಷ್ಟ. ಬಯಲಲ್ಲಿ ನಿಲ್ಲಿಸುವವರು ಕೆಳಗಡೆ ಲೋಹದ ಕವಚ ಹಾಕಿಸುವುದು ಒಳ್ಳೆಯದು.

ಕೊನೆಗೆ ತುಕ್ಕು. ಬಾಗಿಲ ಅಂಚಿನ ತುಕ್ಕು ನೋಡಲು ಕೆಟ್ಟದ್ದು ಅಷ್ಟೇ. ಸಸ್ಪೆನ್ಷನ್ ಕೂರುವ ಜಾಗ, ಸಬ್‌ಫ್ರೇಮ್, ಬ್ರೇಕ್ ಪೈಪ್ ತಿಂದುಹೋಗಿದ್ದರೆ ಮಾತು ಬೇರೆ. ಅಂಥ ಕಾರಿಗೆ ಹೊಸ ಬ್ಯಾಟರಿ ಹಾಕಬೇಡಿ. ನೀರಲ್ಲಿ ಮುಳುಗಿ ಎದ್ದ ಹೈಬ್ರಿಡ್‌ಗೂ ಇದೇ ಮಾತು.

ಲೆಕ್ಕ ಹಾಕುವ ಬಗೆ

‘ಕಾರಿನ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ, ಮಾರಿಬಿಡು.’ ಎಲ್ಲರೂ ಹೇಳುವ ಮಾತು ಇದು. ಈ ಲೆಕ್ಕ ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಾರನ್ನು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಕೊಳ್ಳುತ್ತಾರೆ ಎಂಬುದು ಮಾರುವವರ ಪ್ರಶ್ನೆ. ಇಟ್ಟುಕೊಳ್ಳುವವರ ಪ್ರಶ್ನೆ ಬೇರೆ: ಈ ದುಡ್ಡಿಗೆ ಇನ್ನೆಷ್ಟು ತಿಂಗಳ ಓಡಾಟ ಸಿಗುತ್ತದೆ, ಮತ್ತು ಅದೇ ಓಡಾಟಕ್ಕೆ ಬೇರೆ ಕಾರಿನಲ್ಲಿ ತಿಂಗಳಿಗೆ ಎಷ್ಟಾಗುತ್ತದೆ?

ಮುಂದಿನ ಮೂರು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ಒಂದು ಕಡೆ ಬ್ಯಾಟರಿ, ಜೊತೆಗೆ ಬರಬಹುದಾದ ಟೈರು, ಶಾಕ್ ಅಬ್ಸಾರ್ಬರ್, ಇನ್ನೊಂದು ದೊಡ್ಡ ರಿಪೇರಿ ಎಲ್ಲ ಸೇರಿಸಿ 36ರಿಂದ ಭಾಗಿಸಿ. ಇನ್ನೊಂದು ಕಡೆ ಬದಲಿ ಕಾರು ಮೂರು ವರ್ಷದಲ್ಲಿ ಕಳೆದುಕೊಳ್ಳುವ ಬೆಲೆ, ಸಾಲದ ಬಡ್ಡಿ, ಹೆಚ್ಚುವರಿ ವಿಮೆ ಮತ್ತು ತೆರಿಗೆ ಸೇರಿಸಿ 36ರಿಂದ ಭಾಗಿಸಿ. ಸಾಲದ ಇಡೀ ಕಂತನ್ನು ಖರ್ಚು ಎಂದು ಹಿಡಿಯಬೇಡಿ, ಅದರಲ್ಲಿ ಒಂದು ಪಾಲು ಕಾರಿನ ರೂಪದಲ್ಲಿ ನಿಮ್ಮ ಬಳಿಯೇ ಉಳಿಯುತ್ತದೆ. ಹೊಸ ಕಾರು ಬೆಲೆ ಕಳೆದುಕೊಳ್ಳುವುದು ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು. ಹಾಗಾಗಿ ಎಂಜಿನ್, ಬಾಡಿ ಗಟ್ಟಿಯಾಗಿದ್ದರೆ ಹಳೇ ಕಾರಿನ ಕಡೆಯೇ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಹಿಂದೆ ಎಷ್ಟು ಸುರಿದಿದ್ದೀರಿ ಎಂಬುದನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಹೋದ ವರ್ಷದ ರಿಪೇರಿ ಈ ವರ್ಷದ ರಿಪೇರಿಗೆ ಕಾರಣ ಆಗಬಾರದು.

ಹೊಸ ಕಾರಿನ ಮೈಲೇಜ್ ನೋಡಿ ಮರುಳಾಗುವುದು ಇನ್ನೊಂದು ತೊಂದರೆ. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಲೀಟರಿಗೆ 10 ಕಿ.ಮೀ. ಕೊಡುವ ಕಾರು ಬಿಟ್ಟು 20 ಕೊಡುವುದಕ್ಕೆ ಬಂದರೆ 600 ಲೀಟರ್ ಉಳಿತಾಯ. ಅದೇ 20 ಕೊಡುವ ಹಳೇ ಹೈಬ್ರಿಡ್ ಬಿಟ್ಟು 25 ಕೊಡುವ ಹೊಸದಕ್ಕೆ ಹೋದರೆ ಉಳಿಯುವುದು 120 ಲೀಟರ್ ಮಾತ್ರ. ನಿಮ್ಮಲ್ಲಿ ಪೆಟ್ರೋಲ್ ಬೆಲೆ ಎಷ್ಟೋ ಅದರಿಂದ ಗುಣಿಸಿ ನೋಡಿ, ಹೊಸ ಕಾರಿನ ಒಂದು ವರ್ಷದ ಬಡ್ಡಿಗೂ ಅದು ಸಾಲದೆ ಹೋಗಬಹುದು. ಹಾಗೆಯೇ ಬ್ಯಾಟರಿ ಸೊರಗಿ ಮೈಲೇಜ್ 20ರಿಂದ 17ಕ್ಕೆ ಇಳಿದರೆ ವರ್ಷಕ್ಕೆ ಸುಮಾರು 106 ಲೀಟರ್ ಹೆಚ್ಚು ಬೇಕು. ಬರೀ ಪೆಟ್ರೋಲ್ ಉಳಿಸುವುದಕ್ಕೆಂದು ಹೊಸ ಬ್ಯಾಟರಿ ಹಾಕಿಸುವುದೂ ಲಾಭವಲ್ಲ. ಅದನ್ನು ಹಾಕಿಸುವುದು ಕಾರು ಓಡಬೇಕು ಎಂಬ ಕಾರಣಕ್ಕೆ.

ಪರಿಸರದ ದೃಷ್ಟಿಯಿಂದಲೂ ಇದೇ ಅಂಕಿಗಳು ಮಾತಾಡುತ್ತವೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. 120 ಲೀಟರ್ ಉಳಿಸಿದರೆ ವರ್ಷಕ್ಕೆ 276 ಕೆ.ಜಿ. ತಪ್ಪುತ್ತದೆ. ಹೊಸ ಕಾರೊಂದನ್ನು ತಯಾರಿಸುವುದರಲ್ಲೇ ಹಲವು ಟನ್ ಹೊರಬೀಳುತ್ತದೆ. ಆರು ಟನ್ ಎಂದು ಹಿಡಿದರೂ ಆ ಸಾಲ ತೀರಲು ಇಪ್ಪತ್ತು ವರ್ಷ ದಾಟುತ್ತದೆ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ. ಆಗ ಇಡೀ 600 ಲೀಟರ್ ಉಳಿಯುತ್ತದೆ, ಅದರ ಬದಲಿಗೆ ಬಳಸುವ ವಿದ್ಯುತ್ ಕಲ್ಲಿದ್ದಲಿನದೋ ಗಾಳಿ-ಬಿಸಿಲಿನದೋ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಈ ಲೆಕ್ಕದಲ್ಲಿ ಬರದ ಎರಡು ಸಂಗತಿಗಳಿವೆ. ಒಂದು ಸುರಕ್ಷತೆ. ಹೊಸ ಕಾರುಗಳಲ್ಲಿ ಏರ್‌ಬ್ಯಾಗ್ ಹೆಚ್ಚು, ಎದುರಿಗೆ ಏನಾದರೂ ಬಂದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯೂ ಹಲವದರಲ್ಲಿ ಇದೆ. ಆಗ ತಾನೇ ಡ್ರೈವಿಂಗ್ ಕಲಿತ ಮಕ್ಕಳು ಓಡಿಸುವ ಕಾರಾದರೆ ನಾನು ತಿಂಗಳ ಲೆಕ್ಕ ಬದಿಗಿಟ್ಟು ಇದನ್ನೇ ಮೊದಲು ನೋಡುತ್ತೇನೆ. ಇನ್ನೊಂದು ನಂಬಿಕೆ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ದೂರ ಬರುವವರಿಗೆ, ಮನೆಯಲ್ಲಿ ಕಾಯಿಲೆಯವರು ಇರುವವರಿಗೆ ಕಾರು ನಿಂತುಹೋಗುವುದರ ಬೆಲೆ ದುಡ್ಡಿನಲ್ಲಿ ಇಲ್ಲ. ಎರಡನೇ ಕಾರು ಇರುವ ಮನೆಗೆ ಅದೇ ಕಾರು ಇನ್ನೂ ಐದು ವರ್ಷ ಚೆನ್ನಾಗಿ ಹೊಂದಬಹುದು.

ಇಟ್ಟುಕೊಳ್ಳುವುದು ಎಂದು ತೀರ್ಮಾನಿಸಿದರೆ, ಬ್ಯಾಟರಿ ಬೆಲೆ ಇವತ್ತೇ ವಿಚಾರಿಸಿ ಅದನ್ನು 24 ಕಂತು ಮಾಡಿ ತಿಂಗಳಿಗೊಂದು ಎತ್ತಿಡಿ. ಹೈಬ್ರಿಡ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕಾರು ಚೆನ್ನಾಗಿರುವಾಗಲೇ ಹುಡುಕಿಡಿ. ಮೊದಲ ಭೇಟಿಗೆ ಫ್ಯಾನ್ ಒರೆಸುವ ಕೆಲಸ ಕೊಟ್ಟು ನೋಡಿ. ಅವರು ಅದನ್ನು ಹೇಗೆ ಮಾಡುತ್ತಾರೆ ಎಂಬುದರಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಬಿಡುವುದು ಎಂದಾದರೆ ಕಾರು ಓಡುತ್ತಿರುವಾಗಲೇ ಮಾರಿ, ಬ್ಲಾಕ್‌ಗಳ ಅಂಕಿಗಳನ್ನು ಕೊಳ್ಳುವವರಿಗೆ ತೋರಿಸಿ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಅದನ್ನು ಗುಜರಿಗೆ ಬಿಸಾಡಬೇಡಿ. ಅದರ ನಿಕಲ್ ಮರುಬಳಕೆಗೆ ಬರುತ್ತದೆ, ಹೊಸ ಬ್ಯಾಟರಿ ಮಾರುವವರು ಹಳೆಯದಕ್ಕೆ ಒಂದಿಷ್ಟು ಬೆಲೆ ಕಟ್ಟುವುದೂ ಇದೆ. ಕೋಡ್ ಅಳಿಸಿ ದೀಪ ಆರಿಸಿ ಮಾರುವ ಕೆಲಸಕ್ಕೆ ಮಾತ್ರ ಇಳಿಯಬೇಡಿ. ಕೋಡ್ ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ, ಅವು ಮತ್ತೆ ಪೂರ್ತಿಯಾಗಲು ಸಾಕಷ್ಟು ಓಡಾಟ ಬೇಕು. ಹಳೇ ಹೈಬ್ರಿಡ್ ಕೊಳ್ಳಲು ಹೊರಟವರು ರೀಡರ್ ಸಿಕ್ಕಿಸಿ ಮೊದಲು ನೋಡಬೇಕಾದದ್ದೂ ಅದನ್ನೇ. ಆ ಪರೀಕ್ಷೆಗಳು ‘ಇನ್ನೂ ಮುಗಿದಿಲ್ಲ’ ಎಂದು ತೋರಿಸಿದರೆ, ಯಾಕೆ ಎಂದು ಕೇಳಿ, ಒಂದು ವಾರ ಬಿಟ್ಟು ಬಂದು ಮತ್ತೆ ನೋಡಿ.